ಸೀಟು ಕೊಡಲು ಸತಾಯಿಸಿದ ಮೇಡಂ

ಓದಲು ತಡವರಿಸುವ ಮಕ್ಕಳಿಗೆ ಓದು ಕಲಿಸುವುದು ಪ್ರತ್ಯೇಕ ವಿದ್ಯೆ, ಅದಕ್ಕೂ ತರಬೇತಿ ಬೇಕು ಎಂದು ಒಪ್ಪುವವರು ಇಂದಿಗೂ ಕಡಿಮೆ. ಅದನ್ನು ಒಪ್ಪಿಸುವುದಕ್ಕೇ ವೃತ್ತಿಜೀವನವನ್ನು ಮುಡಿಪಾಗಿಟ್ಟು, ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಓದು ವಿಭಾಗವನ್ನು ಕಟ್ಟಿ, ಈಗ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿಯವರ ಬಗ್ಗೆ ಬರೆಯುವಂತೆ ಈ ಅಭಿನಂದನಾ ಸಂಪುಟದ ಸಂಪಾದಕರು ಕೇಳಿದಾಗ, ನಾನು ಅವರ ಸಹೋದ್ಯೋಗಿಯಲ್ಲ, ಶಿಷ್ಯನೂ ಅಲ್ಲ, ಅವರಿಂದ ತಲೆಚಿಟ್ಟು ಹಿಡಿಸಿಕೊಂಡ, ಅವರ ವಿದ್ಯಾರ್ಥಿನಿಯೊಬ್ಬಳ ಅಣ್ಣ ಎಂದು ತಿಳಿಸಿದೆ. ಅದನ್ನೇ ಬರೆಯಿರಿ ಎಂದರು.

ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ‘ತಡೀರಿ ಮೇಡಂ’. ಅದು ಅವರಿಗೂ ಗೊತ್ತು. ಅವರು ಉಪನ್ಯಾಸಕಿಯಾಗಿ ಬಂದಾಗ ವಿಭಾಗಕ್ಕೆ ಸಿಕ್ಕಿದ್ದು ಹಿಂಭಾಗದ ಉಗ್ರಾಣದಂಥ ಒಂದು ಕೋಣೆ. ಅಲ್ಲಿಂದ ಕಾಂಪೌಂಡಿನಾಚೆಯ ಪ್ರಾಥಮಿಕ ಶಾಲೆಗೆ ಒಂದು ಸಣ್ಣ ಗೇಟು ತೆಗೆಸಿದರು. ತರಬೇತಿಗೆ ಬಂದವರು ಮೊದಲ ವಾರದಿಂದಲೇ ಒಂದೊಂದು ಮಗುವಿನ ಪಕ್ಕ ಕೂರಬೇಕು. ಅವರ ಬೆನ್ನ ಹಿಂದೆ ಮೇಡಂ ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಾರೆ. ಮಗು ಒಂದು ಪದದ ಮುಂದೆ ನಿಂತುಬಿಟ್ಟರೆ ದೊಡ್ಡವರ ಬಾಯಿ ತಾನಾಗಿ ತೆರೆಯುತ್ತದೆ. ಆಗ ಹಿಂದಿನಿಂದ ಕೇಳಿಬರುವುದು ಆ ಒಂದೇ ಮಾತು: ‘ತಡೀರಿ.’

ನನ್ನ ತಂಗಿ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದಳು. ಓದು ಕಲಿಸುವ ಶಿಕ್ಷಕಿಯಾಗುತ್ತೇನೆಂದು ಆ ಕೆಲಸ ಬಿಟ್ಟಳು. ಎದುರಿಗಿದ್ದ ದಾರಿ ಎರಡು: ಹೊರವರ್ತುಲ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಕಾಲೇಜು, ಒಂದೇ ವರ್ಷದ ಕೋರ್ಸು, ಇಲ್ಲವೇ ಮೇಡಂ ಅವರ ಉಗ್ರಾಣ, ಎರಡು ವರ್ಷ. ನಾವು ಉಗ್ರಾಣವನ್ನೇ ಆರಿಸಿಕೊಂಡು ಹೋದೆವು. ಸಂತೋಷಪಡುತ್ತಾರೆಂದು ಭಾವಿಸಿದ್ದು ನಮ್ಮ ತಪ್ಪು.

“ಈ ಕೋರ್ಸು ಯಾಕಮ್ಮ?”

“ಓದು ಅಂದ್ರೆ ನಂಗೆ ಪ್ರಾಣ ಮೇಡಂ.”

“ಅದು ನಿಮ್ಮ ವಿಷಯ ಆಯ್ತು. ಓದು ಅಂದ್ರೆ ಬೆವರೋ ಮಗು ಪಕ್ಕ ಕೂತಿದ್ದೀರಾ?”

ಅಲ್ಲೇ ಗೇಟು ದಾಟಿಸಿ ಮೂರನೇ ತರಗತಿಯ ಹುಡುಗಿಯೊಬ್ಬಳ ಪಕ್ಕ ತಂಗಿಯನ್ನು ಕೂರಿಸಿದರು. ಹುಡುಗಿ ನಿಂತಲ್ಲೆಲ್ಲ ತಂಗಿ ತನ್ನ ಸೊಗಸಾದ ಕಂಠದಲ್ಲಿ ಪದ ಒದಗಿಸಿದಳು. ಪುಟ ಬೇಗ ಮುಗಿಯಿತು.

“ಚೆನ್ನಾಗಿ ಓದಿದ್ರಿ,” ಎಂದರು ಮೇಡಂ. “ಅವಳು ಯಾವಾಗ ಓದ್ತಾಳೆ?”

ಸೀಟಿನ ಮಾತು ಬಂದಾಗ, ಮೊದಲು ಹೊಸ ಕಾಲೇಜನ್ನೂ ನೋಡಿಬನ್ನಿ ಎಂದರು. “ಕಟ್ಟಡ ಅಲ್ಲ, ಪಾಠ ನೋಡಿ. ನಿಜವಾದ ಮಕ್ಕಳ ಜೊತೆ ಎಷ್ಟು ಹೊತ್ತು ಕೂರಿಸ್ತಾರೆ, ನೀವು ಕಲಿಸುವಾಗ ಯಾರು ಕೂತು ನೋಡ್ತಾರೆ, ಅದನ್ನ ಕೇಳಿ.”

“ಮೇಡಂ, ಕೊನೇ ದಿನ ನಾಡಿದ್ದು,” ಎಂದೆ.

“ಹಾಗಾದ್ರೆ ನಾಳೆ ಹೋಗ್ಬನ್ನಿ.”

ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಅಟ್ಟುವ ವ್ಯಾಪಾರಿಯನ್ನು ನಾನು ವರದಿಗಾರನಾಗಿ ಎಲ್ಲೂ ಕಂಡಿಲ್ಲ. ಸೀಟು ತುಂಬದಿದ್ದರೆ ವಿಭಾಗ ಮುಚ್ಚುತ್ತದೆ ಎಂದು ಪ್ರಾಂಶುಪಾಲರು ವರ್ಷವೂ ಗೋಗರೆಯುತ್ತಿದ್ದರಂತೆ. ಅವರೇ ನನಗೆ ಹೇಳಿದ್ದು.

ಮರುದಿನ ಹೊಸ ಕಾಲೇಜಿಗೆ ಹೋದಾಗ ಅಲ್ಲಿ ಅಭ್ಯಾಸ ಪಾಠ. ತರಬೇತಿಯವರಲ್ಲೇ ಒಬ್ಬರು ಶಿಕ್ಷಕರು, ಉಳಿದವರು ಮಕ್ಕಳು. ದಪ್ಪ ಮೀಸೆಯ ಒಬ್ಬರು ಎರಡನೇ ತರಗತಿಯ ಹುಡುಗನಾಗಿ, ನಾಲಿಗೆ ತೊದಲಿಸಿ ‘ಮ... ರ...’ ಎಂದು ಓದುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಿಜವಾದ ಮಕ್ಕಳು ಯಾವಾಗ ಬರುತ್ತಾರೆಂದು ತಂಗಿ ಕೇಳಿದ್ದಕ್ಕೆ ಬೋಧಕರು, “ಕೊನೇ ತಿಂಗಳು ಶಾಲೆಗೆ ಕಳಿಸ್ತೀವಲ್ಲ. ಮಕ್ಕಳೇನು ಓಡಿ ಹೋಗ್ತಾರಾ?” ಎಂದರು.

ಹೊರಗೆ ಬಂದಾಗ ಆ ಮೀಸೆಯವರೇ ತಂಗಿಯ ಬಳಿ ಮೆಲ್ಲಗೆ ಹೇಳಿದರು: “ನನ್ನ ಮಗನಿಗೇ ಓದಕ್ಕೆ ಬರಲ್ಲಮ್ಮ. ಅವನು ಹಿಂಗೆಲ್ಲ ತೊದಲಲ್ಲ. ಪುಸ್ತಕ ತೆಗೆದ್ರೆ ಹೊಟ್ಟೆನೋವು ಅಂತಾನೆ.”

ಮನೆ ಹತ್ತಿರ ಬಂದಾಗ, “ಅಣ್ಣ, ನಂಗೆ ಉಗ್ರಾಣವೇ ಸರಿ,” ಎಂದಳು.

ಕೊನೆಯ ದಿನ ಮಧ್ಯಾಹ್ನ ಅರ್ಜಿ ಹಿಡಿದು ಹೋದರೆ, ಮೇಡಂ ಗೇಟಿನಾಚೆ ಪಾಠದಲ್ಲಿದ್ದರು. “ಅವರ ಸಹಿ ಇಲ್ದೆ ಆಗಲ್ಲ ಸಾರ್,” ಎಂದ ಕಚೇರಿಯ ಗುಮಾಸ್ತ. ಕಿಟಕಿಯಿಂದ ಕೈಬೀಸಿದೆವು. ಅವರು ನಮ್ಮನ್ನು ನೋಡಿದರು, ಅಂಗೈ ತೋರಿಸಿ ತಡೆದರು, ಮತ್ತೆ ಒಬ್ಬ ಹುಡುಗನ ಕಡೆ ತಿರುಗಿದರು. ಅವರು ಹೊರಗೆ ಬರುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು.

“ಒಂದು ಸಹಿ ಮೇಡಂ. ಅದಕ್ಕೆಷ್ಟು ಹೊತ್ತು?” ಎಂದೆ. ದನಿ ಏರಿತ್ತು.

“ಅವನು ಮೊದಲನೇ ಸಲ ತಾನೇ ಒಂದು ವಾಕ್ಯ ಮುಗಿಸ್ತಿದ್ದ. ನಾನು ಎದ್ರೆ ಅವನೂ ಎದ್ದುಬಿಡ್ತಾನೆ.”

ಮೇಲಿನವರಿಗೆ ಫೋನ್ ಮಾಡಿ ಕೊನೇ ದಿನವನ್ನು ಮುಂದಕ್ಕೆ ಹಾಕಿಸುತ್ತೇನೆ ಎಂದೆ. “ಪತ್ರಿಕೆಯಲ್ಲಿ ಅಣ್ಣ ಇಲ್ಲದವರಿಗೆ ಯಾರು ಮಾಡ್ತಾರೆ?” ಎಂದು ಕೇಳಿ, ಮುಂದಿನ ವರ್ಷ ಬರುವಂತೆ ಹೇಳಿದರು. ತಂಗಿಗೆ ಕೆಲಸವಿಲ್ಲ, ಸೀಟೂ ಇಲ್ಲ. ಹೊಸ ಕಾಲೇಜಿನಲ್ಲಿ ಇನ್ನೂ ಪ್ರವೇಶ ನಡೆದಿತ್ತು. ಆದರೂ ಇವಳು ಕಾಯುತ್ತೇನೆಂದಳು. “ತೆರೆದಿರೋ ಬಾಗಿಲು ಬಿಟ್ಟು ಮುಚ್ಚಿರೋ ಬಾಗಿಲ ಮುಂದೆ ಕೂರ್ತಾಳಂತೆ,” ಎಂದು ಅಮ್ಮ ಬಂದವರೆದುರೆಲ್ಲ ಹೇಳಿಕೊಂಡರು. ಆ ವರ್ಷ ಮನೆಯಲ್ಲಿ ಮೇಡಂ ಹೆಸರೆತ್ತುವಂತಿರಲಿಲ್ಲ. ತಂಗಿ ಮಾತ್ರ ದಿನಾ ಬೆಳಿಗ್ಗೆ ಹೋಗಿ ಅವರ ತರಗತಿಯ ಮೂಲೆಯಲ್ಲಿ ಕೂತು ನೋಡಿಬರುತ್ತಿದ್ದಳು. ಮರುವರ್ಷ ಸೀಟು ಸಿಕ್ಕಿತು. ಮಗುವಿಗೆ ಪದ ಹೇಳಿಕೊಟ್ಟಳೆಂದು ಮೊದಲ ಪ್ರಾಯೋಗಿಕ ಪರೀಕ್ಷೆಯಲ್ಲೇ ಅವಳನ್ನು ಫೇಲ್ ಮಾಡಿದವರೂ ಇದೇ ಮೇಡಂ. ಅದರ ಮರುದಿನದಿಂದ, ತಮ್ಮ ಊಟದ ಬಿಡುವು ಬಿಟ್ಟು ಅವಳ ಹಿಂದೆ ಬಂದು ಕೂತವರೂ ಅವರೇ. ವರ್ಷ ಮುಗಿಯುವವರೆಗೂ ಅದನ್ನು ತಪ್ಪಿಸಲಿಲ್ಲ.

ತಂಗಿ ಈಗ ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ ಓದು ಕಲಿಸುತ್ತಾಳೆ. ಈ ಲೇಖನಕ್ಕಾಗಿ ಅವಳ ತರಗತಿಗೆ ಹೋಗಿದ್ದೆ. ಒಂದು ಮಗು ಒಂದೇ ಪದದ ಮುಂದೆ ನಿಂತೇ ಇತ್ತು. ನನಗೆ ಮೈ ಪರಚಿಕೊಳ್ಳುವಂತಾಗಿ ಪದ ಹೇಳಿಯೇಬಿಟ್ಟೆ. “ಅಣ್ಣ, ಹೊರಗೆ ಹೋಗಿ ಕೂತ್ಕೊ,” ಎಂದಳು ತಂಗಿ, ತಿರುಗಿಯೂ ನೋಡದೆ. ಹೊರಗೆ ಕೂತೆ. ತುಸು ಹೊತ್ತಿನ ಮೇಲೆ ಒಳಗಿನಿಂದ ಆ ಮಗುವಿನ ದನಿ ಮುಂದಿನ ಪದಕ್ಕೆ ಹೋಗಿದ್ದು ಕೇಳಿಸಿತು.

ನಿವೃತ್ತಿಯ ನಂತರವೂ ಸ್ಟೂಲು ಬಿಡುವ ಯೋಚನೆ ಮೇಡಂ ಅವರಿಗಿಲ್ಲ ಎಂದು ತಿಳಿದಿದ್ದೇನೆ. ಅವರಿಗೆ ಆರೋಗ್ಯವನ್ನೂ ದೀರ್ಘಾಯುಷ್ಯವನ್ನೂ ಹಾರೈಸುತ್ತೇನೆ. ಇದು ಉಪಚಾರದ ಮಾತಲ್ಲ: ಓದಲು ಬಾರದ ಮಕ್ಕಳು ಇನ್ನೂ ಬಹಳ ಇದ್ದಾರೆ, ಮೇಡಂ ಕೆಲಸ ಮಾಡುವ ನಿಧಾನಕ್ಕೆ ನೂರು ವರ್ಷವೂ ಸಾಲದು.