ಹೊಲಿಗೆ ಕೋಣೆಯ ಲಿಂಗಪೂಜೆ

ಆಗೆಲ್ಲ ನಮ್ಮ ಬಾಳೆಹೊನ್ನೂರು ಕಡೆಯವರು ಹೆಣ್ಣುಮಕ್ಕಳನ್ನು ಚೆನ್ನಾಗಿ ಓದಿಸಬೇಕೆಂದರೆ ನರಸಿಂಹರಾಜಪುರದ ಕಾನ್ವೆಂಟ್ ಹಾಸ್ಟೆಲ್ಲಿಗೆ ಹಾಕುತ್ತಿದ್ದರು. ಐದನೇ ಕ್ಲಾಸಿಗೆ ನನ್ನನ್ನೂ ಅಲ್ಲಿ ಬಿಟ್ಟರು. ಆಗಷ್ಟೇ ದೀಕ್ಷೆಯಾಗಿ ಕೊರಳಿಗೆ ಲಿಂಗ ಬಂದಿತ್ತು. ಗೇಟಿನ ಹತ್ತಿರ ಅಜ್ಜಿ ಹೇಳಿದ್ದು ಒಂದೇ ಮಾತು: "ಮಿಂದು ಪೂಜೆ ಮಾಡ್ದೆ ಬಾಯಿಗೆ ಎಂತದೂ ಹಾಕಬೇಡ ಮಗಾ."

ಅಲ್ಲಿ ನೋಡಿದರೆ ಚಿಕ್ಕ ಕ್ಲಾಸಿನವರಿಗೆ ಸ್ನಾನ ಸಂಜೆ! ಬೆಳಿಗ್ಗೆ ಮುಖ ತೊಳೆದು ಪ್ರಾರ್ಥನೆ, ಆಮೇಲೆ ಬಿಸಿಬಿಸಿ ಉಪ್ಪಿಟ್ಟು. ಕರಿಬೇವಿನ ಒಗ್ಗರಣೆ ಮೂಗಿಗೆ ಬಡಿದರೆ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ತಟ್ಟೆಯನ್ನು ಪಕ್ಕದ ಜೆಸಿಂತಾಳ ಕಡೆ ಸರಿಸುತ್ತಿದ್ದೆ. ಅವಳು ಒಂದು ಮಾತೂ ಕೇಳದೆ ಎರಡೂ ತಟ್ಟೆ ಖಾಲಿ ಮಾಡುತ್ತಿದ್ದಳು, ಪುಣ್ಯಾತ್ಗಿತ್ತಿ. ಸಂಜೆ ಮಿಂದು ಪೂಜೆ ಮುಗಿಸಿದ ಮೇಲೆಯೇ ನನ್ನ ಊಟ. ಕುಂಟೆಬಿಲ್ಲೆಗೆ ಕರೆದರೆ ಕಾಲೆತ್ತಲು ತ್ರಾಣವಿರುತ್ತಿರಲಿಲ್ಲ. ಸಿಸ್ಟರುಗಳಿಗೆ ಹೇಳಿದರೆ ಲಿಂಗ ತೆಗೆಸಿಬಿಡುತ್ತಾರೆಂಬ ಹೆದರಿಕೆ ಬೇರೆ.

ಒಂದು ದಿನ ಪ್ರಾರ್ಥನೆಯ ಸಾಲಿನಲ್ಲೇ ತಲೆ ತಿರುಗಿ ಬಿದ್ದೆ. ಕಣ್ಣು ಬಿಟ್ಟಾಗ ವಾರ್ಡನ್ ಸಿಸ್ಟರ್ ಎವ್ಲಿನ್ ಹಾಲಿನ ಲೋಟ ಹಿಡಿದು ಕೂತಿದ್ದರು. ನಾನು ಬಾಯಿ ಬಿಗಿದುಕೊಂಡೆ.

"ಎಂತ ಮಾರಾಯ್ತಿ, ಹಾಲೂ ಬೇಡವಾ?"

ಅಳುತ್ತಾ ಎಲ್ಲ ಹೇಳಿದೆ. ಸಿಸ್ಟರ್ ಲೋಟ ಕೆಳಗಿಟ್ಟರು. "ಅಷ್ಟೇನಾ? ನಾನೂ ಚರ್ಚಿನ ಪೂಜೆ ಮುಗಿಯದೆ ಏನೂ ತಿನ್ನುವುದಿಲ್ಲ. ನಡಿ, ಮೊದಲು ಸ್ನಾನ."

ಮರುದಿನದಿಂದ ಅಡುಗೆಯವರ ಬಚ್ಚಲಿನಲ್ಲಿ ಬೆಳಗಿನ ಬಿಸಿನೀರು ನನ್ನದಾಯಿತು. ಹೊಲಿಗೆ ಕೋಣೆಯ ಮೂಲೆಯಲ್ಲಿ ಒಂದು ಚಾಪೆ, ವಿಭೂತಿಗೊಂದು ಬಟ್ಟಲು. ಪತ್ರೆ ತರುವ ಕೆಲಸ ಜೆಸಿಂತಾಳದ್ದು. ನನ್ನ ಪೂಜೆ ಮುಗಿಯುವಷ್ಟರಲ್ಲಿ ಉಳಿದವರ ತಿಂಡಿ ಮುಗಿದಿರುತ್ತಿತ್ತು. ಮಗು ಒಂದೇ ಕೂತು ತಿನ್ನಬಾರದೆಂದು ಸಿಸ್ಟರ್ ತಮ್ಮ ಕಾಫಿಯನ್ನೂ ಮುಟ್ಟದೆ ಕಾಯುತ್ತಿದ್ದರು. ಅಷ್ಟು ದೊಡ್ಡ ಹಾಸ್ಟೆಲ್ಲನ್ನು ನಡೆಸುವವರು!

ಅಷ್ಟರಲ್ಲಿ ನಾನು ಉಪವಾಸ ಬಿದ್ದ ಸುದ್ದಿ ಊರಿಗೆ ಮುಟ್ಟಿತ್ತು. ಮೊದಲ ಬಸ್ಸಿಗೇ ಅಜ್ಜಿ ಬಂದಿಳಿದಳು, ನನ್ನನ್ನು ಶಾಲೆ ಬಿಡಿಸಿ ಕರೆದೊಯ್ಯಲು. ಆಗ ನಾನು ಪೂಜೆಗೆ ಕೂತಿದ್ದೆ. ಬಾಗಿಲ ಹೊರಗೆ ಅಜ್ಜಿಯ ದನಿ ಕೇಳಿಸಿತು. ಓದು ಮುಗಿಯಿತು, ಇನ್ನು ಮನೆಯೇ ಗತಿ ಎಂದುಕೊಂಡೆ.

"ನನ್ ಮೊಮ್ಮಗಳ ಟ್ರಂಕ್ ಕೊಡಿ, ಹೋಗ್ತೀವಿ."

"ಮೆಲ್ಲಗೆ ಅಮ್ಮಾ, ಮಗು ಪೂಜೆಯಲ್ಲಿದೆ."

ಅಜ್ಜಿ ಒಳಗೆ ಇಣುಕಿದಳು. ನನ್ನ ಅಂಗೈಯಲ್ಲಿ ಲಿಂಗ, ಅದರ ಮೇಲೆ ಪತ್ರೆ. ಟ್ರಂಕಿನ ಮಾತು ಬಿಟ್ಟು ಬಾಗಿಲ ಬಳಿಯೇ ಕೂತಳು. ನಾನು ಎದ್ದು ಬಂದಾಗ ಸಿಸ್ಟರ್ ಮೂರು ಲೋಟ ಕಾಫಿ ತರಿಸಿದರು. ನೆಂಟರ ಮನೆಯಲ್ಲೂ ಹತ್ತು ಸಲ ಯೋಚಿಸಿ ನೀರು ಕುಡಿಯುವ ನನ್ನ ಅಜ್ಜಿ ಲೋಟ ಎತ್ತಿ ಕುಡಿದೇಬಿಟ್ಟಳು!

"ಕೂಸು ಇಲ್ಲೇ ಇರ್ಲಿ ತಾಯಿ," ಎಂದಳು.

ಹಾಗೆ ನನ್ನ ಓದು ಉಳಿಯಿತು. ಅಜ್ಜಿ ಹೋಗಿ ಬಹಳ ಕಾಲವಾಯಿತು. ಹಾಸ್ಟೆಲ್ಲೂ ಮುಚ್ಚಿದೆ. ಹೋದ ವರ್ಷ ಸಿಸ್ಟರ್ ತೀರಿಕೊಂಡರೆಂದು ಜೆಸಿಂತಾ ಫೋನು ಮಾಡಿದಾಗ ಬೆಳಗಿನ ಹೊತ್ತು. ಪೂಜೆ ಆಗಿರಲಿಲ್ಲ, ನಾನು ದೋಸೆ ತಿನ್ನುತ್ತಿದ್ದೆ. ಈಗೀಗ ನನ್ನ ದಿನಗಳೇ ಹೀಗೆ. ಪೂಜೆಯಾಯಿತೇ ಎಂದು ಕೇಳುವವರಿಲ್ಲ, ನನಗಾಗಿ ಹಸಿದು ಕೂರುವವರೂ ಇಲ್ಲ.