ಚಾದರದ ಹಿಂದಿನ ಔಡಲ ಗಿಡ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಹಿತ್ತಲ ಔಡಲ ಗಿಡಕ್ಕೆ ನವಿಲಿನ ಚಿತ್ರದ ಚಾದರ ಕಟ್ಟಿ ಮರೆಮಾಡಿದ ಮಹಾಶಯ ನಾನೇ. ಮೊಬೈಲಿನಲ್ಲಿ ಕೇಳಿ ಕಲಿತ ನಾಲ್ಕು ಶಬ್ದಗಳ ಬಲದ ಮೇಲೆ ‘ನನಗೆ ಹಿಬ್ರೂ ಬರುತ್ತದೆ’ ಎಂದು ಮುರಗೋಡದ ಚಹಾ ಅಂಗಡಿಯವರೆಗೂ ಸಾರಿದವನೂ ನಾನೇ. ಒಣ ರೊಟ್ಟಿ ಗಂಟಲಿಗೆ ಸಿಕ್ಕವರಂತೆ ‘ಖ್... ಖ್...’ ಎಂದರೆ ಹಿಬ್ರೂ ಆಯಿತು ಎಂಬುದು ನನ್ನ ಸಿದ್ಧಾಂತ. ಬಸ್ ಕಂಡಕ್ಟರ್, ಹೆಡ್‌ಮಾಸ್ತರ್, ನಮ್ಮಪ್ಪ, ಎಲ್ಲರ ದನಿ ತೆಗೆಯುವ ನನಗೆ ಒಂದು ದೇಶ ಯಾವ ಲೆಕ್ಕ?

ವಿಷಯ ಇಷ್ಟು. ಬೈಲಹೊಂಗಲದ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದ ದೊಡ್ಡಪ್ಪನ ಮಗಳು, ನನ್ನ ಅಕ್ಕ, ಇಸ್ರೇಲಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಳು. ಆ ಕಡೆ ಗದ್ದಲ ತಣ್ಣಗಿದ್ದ ವರ್ಷ ಅದು. ಮನೆಯವರೆಲ್ಲ ಹೂಂ ಅಂದಿದ್ದರು. ಆಯಿ, ಅಂದರೆ ನಮ್ಮಜ್ಜಿ, ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆಯಿ ಹೂಂ ಅನ್ನದೆ ನಮ್ಮ ಮನೆಯ ಎಮ್ಮೆಯೂ ಹೊಸ್ತಿಲು ದಾಟುವುದಿಲ್ಲ.

“ಮದಿವಿ ಮಾಡಿ ಕಳಸೂ ಮುಂದ ಅತ್ತಿ ಮುಖಾ ನೋಡತೇವಿಲ್ಲೊ? ಆ ಮುದುಕಿನ್ನ ನಾ ನೋಡಬೇಕು. ನೋಡಿದ ಮ್ಯಾಲ ಹೇಳತೇನಿ.”

ಹೀಗಾಗಿ ಮುದುಕಿಯ ಮನೆಯವರ ವಿಡಿಯೊ ಕಾಲ್ ನಮ್ಮಲ್ಲಿ ಕನ್ಯೆ ನೋಡುವ ಶಾಸ್ತ್ರವಾಯಿತು. ಅಕ್ಕನಿಗೆ ಇಳಕಲ್ ಸೀರೆ ಉಡಿಸಿದರು. ಅವಲಕ್ಕಿ, ಚಹಾ ಬಂದವು. ಫೋನಿನ ಮುಂದೆಯೂ ಒಂದು ತಾಟು ಇಟ್ಟರು. ನೆಟ್‌ವರ್ಕ್ ಸಿಗುವುದು ಹಿತ್ತಲಲ್ಲಿ, ಔಡಲ ಗಿಡದ ಪಕ್ಕ ಮಾತ್ರ. ತಿಪ್ಪೆಯ ಬದಿಯ ಆ ಗಿಡ ಕಂಡರೆ ಮರ್ಯಾದೆ ಹೋದೀತೆಂದು ನಾನು ಚಾದರ ಕಟ್ಟಿದೆ.

“ದುಬಾಷಿ ಸಾಹೇಬ್ರ, ನಿಮಗ ಖರೇನ ತಿಳಿತೈತಿ?” ಅಕ್ಕ ಪಿಸುಗುಟ್ಟಿದಳು.

“ಈ ಊರಾಗ ನನಗಿಂತ ಹಿಬ್ರೂ ಬಲ್ಲವ್ರು ಯಾರದಾರ, ತೋರ್ಸು.”

“ಗಿಡಾ ಇಲ್ಲದ ಊರಾಗ ಔಡಲಾನ ದೊಡ್ಡ ಗಿಡ,” ಅಂದಳು ಆಯಿ.

ಪರದೆಯ ಮೇಲೆ ಬಿಳಿಕೂದಲಿನ ಮುದುಕಿ ಮೂಡಿದಳು. ಪಕ್ಕದಲ್ಲಿ ಇಂಗ್ಲಿಷ್ ಬಲ್ಲ ಮಗಳು. ಅಕ್ಕ ಏನು ಹೇಳಿದರೂ ಮುದುಕಿಯಿಂದ ಒಂದು ‘ಹ್ಞಂ’, ಅಷ್ಟೇ. ನಾನು ನನ್ನ ‘ಖ್’ ವಿದ್ಯೆ ತೋರಿಸಿದೆ. ಆಕೆ ಮಗಳ ಕಿವಿಯಲ್ಲಿ ಏನೋ ಅಂದಳು. ಹುಡುಗನಿಗೆ ಕೆಮ್ಮು ಜೋರಿದ್ದಂತಿದೆ, ನೀರು ಕೊಡಿ ಎಂದು ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು.

ಆಯಿಯ ಮುಖ ಗಂಟಾಯಿತು. “ಇಕಿ ನಗೂದ ಇಲ್ಲಲ್ಲ. ನಮ್ಮ ಹುಡುಗಿ ಅಲ್ಲಿ ಯಾರ ಕೂಡ ಮಾತಾಡಬೇಕು?” ಎನ್ನುತ್ತ ಮೊಣಕಾಲಿಗೆ ಕೈಯೂರಿ ಎದ್ದೇಬಿಟ್ಟಳು. ಅಕ್ಕನ ಕಣ್ಣು ತುಂಬಿದವು.

ಆಗ ಗಾಳಿ ಬೀಸಿ ಚಾದರ ಕಳಚಿ ನನ್ನ ತಲೆಯ ಮೇಲೆಯೇ ಬಿತ್ತು. ನವಿಲುಗಳ ಒಳಗಿನಿಂದ ನನಗೆ ಕೇಳಿದ್ದು ಮುದುಕಿಯ ಕೂಗು: “ಕಿಕಾಯೋನ್!”

ಹೊರಬಂದು ನೋಡಿದರೆ ಆಕೆ ಮುಂದೆ ಬಾಗಿ ಔಡಲ ಗಿಡದತ್ತ ಬೆರಳು ಚಾಚಿದ್ದಾಳೆ. ಇಲ್ಲದ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ನೆತ್ತಿಗೆ ತಟ್ಟಿಕೊಂಡು, “ಇಮಾ, ಇಮಾ” ಅಂದಳು. ಇಮಾ ಎಂದರೆ ಅವ್ವ. ಚಿಕ್ಕವಳಿದ್ದಾಗ ಅವ್ವ ಇದೇ ಗಿಡದ ಎಣ್ಣೆ ಹಚ್ಚುತ್ತಿದ್ದಳಂತೆ ಎಂದು ಮಗಳು ಬಿಡಿಸಿ ಹೇಳಿದಳು. ಅಕ್ಕ “ಕಿಕಾಯೋನ್” ಅಂದಳು. ಮುದುಕಿ ತಿದ್ದಿದಳು. ಅಕ್ಕ ಮತ್ತೆ ಅಂದಳು, ಗಂಟಲು ಕೆರೆಯದೆ, ಮೆತ್ತಗೆ. ತಿರುಗಿ “ಔಡಲ” ಎಂದು ಕಲಿಸಿದಳು; ಮುದುಕಿ “ಔದಲಾ” ಎಂದು ತಾನೇ ನಕ್ಕಳು.

ಆಯಿ ಮತ್ತೆ ಕುಳಿತಳು. ಬೀಜ ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವುದನ್ನೆಲ್ಲ ಬರಿಗೈಯಲ್ಲೇ ಮಾಡಿ ತೋರಿಸಿದಳು. ಅತ್ತಲಿಂದಲೂ ಒಂದು ಮುದಿ ಕೈ ಗಾಳಿಯಲ್ಲಿ ಕುಟ್ಟತೊಡಗಿತು. ದುಬಾಷಿಗೆ ಕೆಲಸವೇ ಉಳಿಯಲಿಲ್ಲ. ನಾನು ಫೋನಿನ ಪಾಲಿನ ಅವಲಕ್ಕಿ ತಿಂದೆ.

ಕಾಲ್ ಮುಗಿಯಿತು. ಅಕ್ಕ ಆಯಿಯನ್ನೇ ನೋಡುತ್ತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಆಯಿಯದೇ ದನಿ ತೆಗೆದು, “ಒಂದ ಗಿಡದ ಹೆಸರ ಕೇಳಿ ಹುಡುಗಿನ್ನ ಕಳಸತಿಯೇನ?” ಅಂದೆ.

ಆಯಿ ಚಾದರ ಮಡಚುತ್ತ ಹೇಳಿದಳು: “ಔಡಲೆಣ್ಣಿ ಬಲ್ಲ ಮುದುಕಿ ಇದ್ದ ಮನ್ಯಾಗ ಹುಡುಗಿ ನೆತ್ತಿ ಒಣಗೂದಿಲ್ಲ, ಹೋಗಲಿ ಆಕಿ. ನೀ ಆ ತಾಟ ತೊಳಿ, ಮಂಗ್ಯಾ.”