ಬೂಟು ಬಿಚ್ಚುವ ಎಸ್‌ಐ

ಜೀಪು ಕಂಡರೆ ಜನ ಬಾಗಿಲು ಹಾಕುತ್ತಾರೆಂದು ನಮ್ಮ ಎಸ್‌ಐ ದಕ್ಷಿಣಾಮೂರ್ತಿ ಅದನ್ನು ಮೇಲೂರಿನ ಹೊರಗೇ ಬಿಟ್ಟು ನಡೆದು ಬರುತ್ತಾರೆ. ಮನೆಯೊಳಗೆ ಸಾಕಿದ ರೇಷ್ಮೆಹುಳುವಿಗೆ ಸೋಂಕು ತಗಲೀತೆಂದು ಬೂಟು ಬಿಚ್ಚಿ, ಕಾಲು ತೊಳೆದು, ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ಯಾರ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ, ಅಂದರೆ ಪೊರೆ ಕಳಚುವ ಎಷ್ಟನೇ ನಿದ್ದೆಯಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. “ಏನಾದ್ರೂ ನಂಗೊಂದು ಫೋನ್ ಮಾಡ್ರಪ್ಪ” ಎನ್ನುತ್ತಾರೆ. “ಎಮ್ಮೆ ಕರು ಹಾಕಿದ್ರೂನಾ ಸಾರ್?” ಎಂದರೆ, “ಅದಕ್ಕೂ ಮಾಡಿ!” ಇವತ್ತು ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತರು: “ಒಳಕ್ಕೆ ಬರಬೇಡಿ ಸಾರ್, ಹುಳ ಜ್ವರಕ್ಕೆ ಕೂತವೆ.” ಮೊನ್ನೆಯೇ ರೇಷ್ಮೆಗೂಡು ಮಾರಿದ ಆ ಮನೆಯಲ್ಲಿ ಹುಳುವೇ ಇಲ್ಲವೆಂದು ಎಸ್‌ಐಗೆ ಗೊತ್ತಿತ್ತು, ಸೊಸೆ ಯಾಮಿನಿ ಎರಡು ವಾರದಿಂದ ಹೊರಗೆ ಕಂಡಿಲ್ಲವೆಂದೂ. “ಯಾಮಿನಿ ಕೈಲಿ ಒಂದ್ಲೋಟ ನೀರು ಕಳ್ಸಮ್ಮ” ಎಂದರು. ನೀರು ತಂದದ್ದು ಅಕ್ಕಯ್ಯಮ್ಮನೇ. ಎಸ್‌ಐ ಲೋಟ ಮುಟ್ಟಲಿಲ್ಲ. ಬರಿಗಾಲಲ್ಲೇ, ಮೊದಲ ಸಲ, ಹೊಸ್ತಿಲು ದಾಟಿದರು.